ಮೈಕ್ರೋವೇವ್‌ನಲ್ಲಿ ಪಾಲಿಮರ್ ಮಾಡುವುದು: ಪ್ರಾಜೆಕ್ಟ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಎಂ.ಎಸ್ಸಿ. ಮತ್ತು ಎಂ.ಫಾರ್ಮ್ ಹುಡುಗ ಹುಡುಗಿಯರಿಂದ ನನಗೆ ಒಂದೇ ತರದ ಪ್ರಶ್ನೆಗಳು ಬರುತ್ತವೆ. ಗೌರ್ ಗಮ್, ಅಂದರೆ ನಮ್ಮ ಚವಳಿಕಾಯಿ ಬೀಜದ ಅಂಟು, ಅದರ ಮೇಲೆ ಅಕ್ರಿಲಮೈಡ್ ಗ್ರಾಫ್ಟ್ ಮಾಡಬೇಕು, ಅಂದರೆ ಅದರ ಸರಪಳಿಗಳನ್ನು ಗಿಡಕ್ಕೆ ಕಸಿ ಕಟ್ಟಿದ ಹಾಗೆ ಅಂಟಿಗೆ ಜೋಡಿಸಬೇಕು. ಇಲ್ಲವೇ ಹೊಲಕ್ಕೆ ನೀರು ಹಿಡಿದಿಡುವ ಹೈಡ್ರೋಜೆಲ್ ಮಾಡಬೇಕು. ಅದೂ ಮೈಕ್ರೋವೇವ್‌ನಲ್ಲಿ, ಬೇಗ ಆಗುತ್ತೆ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲೇ ಎಲ್ಲ ಹಾಕಿದ್ದೇನೆ. ಓದಿ, ಆಮೇಲೆ ಕೆಲಸಕ್ಕೆ ಕೈ ಹಾಕಿ.

ಫ್ರೀ ರ್ಯಾಡಿಕಲ್ ಪಾಲಿಮರೀಕರಣ ಅಂದರೇನು, ಚಿಕ್ಕದಾಗಿ ಹೇಳಿ ಸರ್.

ಇನಿಶಿಯೇಟರ್ ಅನ್ನುವ ವಸ್ತು ಬಿಸಿಗೆ ಒಡೆದು ರ್ಯಾಡಿಕಲ್ ಆಗುತ್ತದೆ, ಅಂದರೆ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುವ ತುಣುಕು. ಅದು ಮಾನೋಮರ್‌ನ, ಅಂದರೆ ಪಾಲಿಮರ್ ಸರಪಳಿಯ ಒಂದೊಂದು ಕೊಂಡಿಯಾಗುವ ಸಣ್ಣ ಅಣುವಿನ, ಡಬಲ್ ಬಾಂಡ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಒಂದಕ್ಕೊಂದು ಮಾನೋಮರ್ ಸೇರುತ್ತಾ ಸರಪಳಿ ಬೆಳೆಯುತ್ತದೆ. ಎರಡು ಸರಪಳಿಯ ತುದಿಗಳು ಎದುರಾದಾಗ ಎರಡೂ ನಿಲ್ಲುತ್ತವೆ. ಇಷ್ಟೇ.

ಮೈಕ್ರೋವೇವ್ ನೇರವಾಗಿ ಬಾಂಡ್ ಒಡೆದು ರ್ಯಾಡಿಕಲ್ ಹುಟ್ಟಿಸುತ್ತೆ, ಹೌದಲ್ವಾ?

ಇಲ್ಲ. ಈ ಒಂದು ತಪ್ಪು ಎಷ್ಟು ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಕೂತಿದೆ ಅಂದರೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಲೆಕ್ಕ ನೀವೇ ಹಾಕಿ ನೋಡಿ. ಅಡುಗೆಮನೆಯ ಓವನ್ ಇರಲಿ, ಲ್ಯಾಬಿನ ರಿಯಾಕ್ಟರ್ ಇರಲಿ, ಸಾಮಾನ್ಯವಾಗಿ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಆ ತರಂಗದ ಒಂದು ಫೋಟಾನ್‌ನ ಶಕ್ತಿ ಸುಮಾರು 0.00001 ಎಲೆಕ್ಟ್ರಾನ್ ವೋಲ್ಟ್. ಒಂದು ಮೋಲ್‌ಗೆ ಲೆಕ್ಕ ಹಾಕಿದರೆ ಬರೀ 1 ಜೂಲ್ ಹತ್ತಿರ. ಪೆರಾಕ್ಸೈಡ್‌ನ ಆಮ್ಲಜನಕ-ಆಮ್ಲಜನಕ ಬಾಂಡ್ ಬಹಳ ದುರ್ಬಲವಾದದ್ದು, ಅದನ್ನು ಒಡೆಯೋದಕ್ಕೇ ಮೋಲ್‌ಗೆ ಸುಮಾರು 150 ಕಿಲೋಜೂಲ್ ಬೇಕು. ಅಂದರೆ ಒಂದೂವರೆ ಲಕ್ಷ ಪಟ್ಟು ಜಾಸ್ತಿ.

ಹಾಗಾದರೆ ಅದು ಮಾಡುವುದೇನು? ನೀರಿನಂಥ ಪೋಲಾರ್ ಅಣುಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಅಯಾನುಗಳನ್ನು ಹಿಂದೆ ಮುಂದೆ ಎಳೆದಾಡುತ್ತದೆ, ಆ ತಿಕ್ಕಾಟದಲ್ಲಿ ಬಿಸಿ ಹುಟ್ಟುತ್ತದೆ. ಇನಿಶಿಯೇಟರ್ ಒಡೆಯುವುದು ಆ ಬಿಸಿಗೆ. ಆಯಿಲ್ ಬಾತ್‌ನಲ್ಲಿ, ಅಂದರೆ ಫ್ಲಾಸ್ಕನ್ನು ಬಿಸಿ ಎಣ್ಣೆಯಲ್ಲಿಟ್ಟು ಕಾಯಿಸುವಾಗ, ಒಡೆಯುವುದೂ ಬಿಸಿಗೇ.

ಮತ್ತೆ ಆರು ತಾಸಿನ ಕೆಲಸ ಹತ್ತು ನಿಮಿಷಕ್ಕೆ ಹೇಗೆ ಮುಗಿಯುತ್ತೆ?

ಮುಖ್ಯ ಕಾರಣ ತಾಪಮಾನ. ಎಐಬಿಎನ್ ಅನ್ನುವ ಇನಿಶಿಯೇಟರ್ ತಗೊಳ್ಳಿ. 65 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧಭಾಗ ಒಡೆಯಲು ಬೇಕಾದ ಹೊತ್ತು, ಸುಮಾರು 10 ತಾಸು. 82 ಡಿಗ್ರಿಗೆ ಬಂದರೆ 1 ತಾಸು. 120ರ ಆಸುಪಾಸಿಗೆ ಹೋದರೆ ಒಂದು ನಿಮಿಷದ ಲೆಕ್ಕ! ಮೈಕ್ರೋವೇವ್ ರಿಯಾಕ್ಟರ್‌ನಲ್ಲಿ ಬಿಗಿಯಾಗಿ ಮುಚ್ಚಿದ ವಯಲ್ (ಸಣ್ಣ ಸೀಸೆ) ಇರುತ್ತದೆ, ಒಳಗೆ ಒತ್ತಡ ಏರುತ್ತದೆ, ಹಾಗಾಗಿ ದ್ರಾವಕ ತನ್ನ ಕುದಿಯುವ ಬಿಂದು ದಾಟಿಯೂ ದ್ರವವಾಗಿಯೇ ಉಳಿಯುತ್ತದೆ. ಅಷ್ಟು ಬಿಸಿಗೆ ಒಂದೆರಡು ನಿಮಿಷದಲ್ಲಿ ಮುಟ್ಟಿಸೋದು ಆಯಿಲ್ ಬಾತ್‌ಗೆ ಕಷ್ಟ, ಯಾಕೆಂದರೆ ಅಲ್ಲಿ ಬಿಸಿ ಎಣ್ಣೆಯಿಂದ ಗಾಜಿಗೆ, ಗಾಜಿನಿಂದ ದ್ರವಕ್ಕೆ ದಾಟಿ ಬರಬೇಕು, ಹಂಚಿನ ಬಿಸಿ ರೊಟ್ಟಿಗೆ ಹತ್ತಿದ ಹಾಗೆ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ಯಾರೂ ಕೇಳೋದಿಲ್ಲ. ಬಿಸಿ ಜಾಸ್ತಿಯಾದರೆ ಒಂದೇ ಸಲಕ್ಕೆ ರ್ಯಾಡಿಕಲ್‌ಗಳೂ ಜಾಸ್ತಿ. ಅವು ಬೇಗ ಬೇಗ ಒಂದನ್ನೊಂದು ಕೊನೆಗಾಣಿಸುತ್ತವೆ, ಸರಪಳಿ ಗಿಡ್ಡಾಗುತ್ತದೆ, ಅಣುತೂಕ ಇಳಿಯುತ್ತದೆ. ಇನ್ನೊಂದು: ಇನಿಶಿಯೇಟರ್ ಎಲ್ಲ ಮೊದಲ ಕೆಲವು ನಿಮಿಷದಲ್ಲೇ ಉರಿದು ಖಾಲಿಯಾದರೆ, ಮಾನೋಮರ್ ಇನ್ನೂ ಉಳಿದಿದ್ದರೂ ಕೆಲಸ ಅಲ್ಲೇ ನಿಲ್ಲುತ್ತದೆ. ಆಮೇಲೆ ಎಷ್ಟು ಹೊತ್ತು ಬಿಸಿ ಮಾಡಿದರೂ ಕನ್ವರ್ಷನ್, ಅಂದರೆ ಪಾಲಿಮರ್ ಆದ ಮಾನೋಮರ್‌ನ ಪಾಲು, ಏರಲ್ಲ. ಬಿಸಿ ಏರಿಸುವುದಾದರೆ ಆ ಬಿಸಿಗೆ ತಕ್ಕ, ಇನ್ನೂ ನಿಧಾನ ಒಡೆಯುವ ಇನಿಶಿಯೇಟರ್ ಆರಿಸಿ.

"ನಾನ್-ಥರ್ಮಲ್ ಎಫೆಕ್ಟ್" ಅಂತ ಬರೆಯಬಹುದಾ? ಗೈಡ್ ಬರಿ ಅಂತಾರೆ.

ನನ್ನ ಮಾತು ಕೇಳೋದಾದರೆ ಬರೆಯಬೇಡಿ. 1986ರಲ್ಲಿ ಸಾವಯವ ರಸಾಯನದಲ್ಲಿ ಮೈಕ್ರೋವೇವ್ ಬಳಕೆಯ ಮೊದಲ ಪ್ರಬಂಧಗಳು ಬಂದ ಮೇಲೆ, ಬಿಸಿಯಷ್ಟೇ ಅಲ್ಲ ಬೇರೇನೋ ವಿಶೇಷ ಪರಿಣಾಮ ಇದೆ ಅಂತ ತುಂಬಾ ಜನ ಬರೆದರು. ಆಮೇಲೆ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಆಲಿವರ್ ಕಪ್ಪೆ ಅವರ ಗುಂಪು ಒಂದು ಚೆಂದದ ಉಪಾಯ ಮಾಡಿತು. ಸಿಲಿಕಾನ್ ಕಾರ್ಬೈಡ್‌ನಲ್ಲಿ ವಯಲ್ ಮಾಡಿಸಿದರು. ಆ ಪಾತ್ರೆ ಮೈಕ್ರೋವೇವ್‌ನೆಲ್ಲ ತಾನೇ ಹೀರಿ ಬಿಸಿಯಾಗುತ್ತದೆ, ಒಳಗಿನ ದ್ರವಕ್ಕೆ ತರಂಗ ಹೆಚ್ಚುಕಡಿಮೆ ತಲುಪುವುದೇ ಇಲ್ಲ, ತಲುಪುವುದು ಬಿಸಿ ಮಾತ್ರ. ಅದೇ ಓವನ್, ಅದೇ ತಾಪಮಾನ, ಒಂದು ಗಾಜಿನ ವಯಲ್, ಒಂದು ಸಿಲಿಕಾನ್ ಕಾರ್ಬೈಡ್ ವಯಲ್. ಅವರು ನೋಡಿದ ಬಹುತೇಕ ರಿಯಾಕ್ಷನ್‌ಗಳಲ್ಲಿ ಫಲಿತಾಂಶ ಒಂದೇ. ಅಂದರೆ ಕೆಲಸ ಮಾಡಿದ್ದು ಬಿಸಿ.

ನಿಮ್ಮ ಪ್ರಯೋಗದಲ್ಲಿ ಬೇರೇನೋ ಕಂಡರೆ ಮೊದಲು ಥರ್ಮಾಮೀಟರ್ ಮೇಲೆ ಅನುಮಾನ ಪಡಿ.

ತಾಪಮಾನ ಹೇಗೆ ಅಳೆಯೋದು? ಪಾದರಸದ ಥರ್ಮಾಮೀಟರ್ ಇಡಬಹುದಾ?

ಬೇಡ. ಪಾದರಸ ಲೋಹ, ಓವನ್ ಒಳಗೆ ಅದು ತಾನೇ ಬಿಸಿಯಾಗುತ್ತದೆ, ಒಡೆದರೆ ಲ್ಯಾಬೆಲ್ಲ ವಿಷ. ಸಾಮಾನ್ಯ ಥರ್ಮೋಕಪಲ್ ಕೂಡ ಬೇಡ.

ಲ್ಯಾಬಿನ ಮೈಕ್ರೋವೇವ್ ರಿಯಾಕ್ಟರ್‌ಗಳಲ್ಲಿ ಎರಡು ವಿಧ ಇರುತ್ತದೆ. ಇನ್‌ಫ್ರಾರೆಡ್ ಸೆನ್ಸರ್ ಹೊರಗಿನಿಂದ ವಯಲ್‌ನ ಗೋಡೆಯನ್ನು ನೋಡುತ್ತದೆ. ಫೈಬರ್ ಆಪ್ಟಿಕ್ ಪ್ರೋಬ್ ದ್ರವದ ಒಳಗೇ ಇರುತ್ತದೆ. ಪಾಲಿಮರ್ ಕೆಲಸಕ್ಕೆ ಇವೆರಡರ ವ್ಯತ್ಯಾಸ ತುಂಬಾ ದೊಡ್ಡದು, ಯಾಕೆ ಅಂದರೆ ನಮ್ಮ ರಿಯಾಕ್ಷನ್ ತಾನೇ ಬಿಸಿ ಬಿಡುತ್ತದೆ. ಒಳಗೆ ಬಿಸಿ ಒಮ್ಮೆಲೇ ಏರಿದ್ದು ದಪ್ಪ ಗಾಜು ದಾಟಿ ಹೊರಗಿನ ಸೆನ್ಸರ್‌ಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಸ್ಕ್ರೀನ್ ಮೇಲೆ 70 ಅಂತ ಕಾಣುತ್ತಿರುತ್ತದೆ, ಒಳಗೆ ಇನ್ನೂ ಎಷ್ಟೋ ಹೆಚ್ಚು ಇರುತ್ತದೆ. ನೀವು ಬರೆಯೋದು 70. ಆಮೇಲೆ "ಅದೇ 70 ಡಿಗ್ರಿಯಲ್ಲಿ ಆಯಿಲ್ ಬಾತ್‌ಗಿಂತ ವೇಗವಾಯಿತು" ಅಂತ ತೀರ್ಮಾನ!

ಸಾಧ್ಯವಿದ್ದರೆ ಫೈಬರ್ ಆಪ್ಟಿಕ್. ಇಲ್ಲದಿದ್ದರೆ ಯಾವ ಸೆನ್ಸರ್, ಎಲ್ಲಿ ಇತ್ತು ಅಂತ ರಿಪೋರ್ಟ್‌ನಲ್ಲಿ ನೇರವಾಗಿ ಬರೆಯಿರಿ. "600 ವ್ಯಾಟ್, 3 ನಿಮಿಷ" ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗಲ್ಲ. ಅಷ್ಟು ವ್ಯಾಟ್ ನಿಮ್ಮ ಬೀಕರ್‌ನ 50 ಮಿ.ಲೀ.ಗೆ ಎಷ್ಟು ಬಿಸಿ ಕೊಟ್ಟಿತು ಅನ್ನೋದು ಪಾತ್ರೆ, ಪ್ರಮಾಣ, ಇಟ್ಟ ಜಾಗ ಎಲ್ಲದರ ಮೇಲೆ ನಿಂತಿದೆ.

ಮನೆಯ ಓವನ್ ತಂದು ಮಾಡಬಹುದಾ? ರಿಯಾಕ್ಟರ್ ನಮ್ಮ ಕಾಲೇಜಿಗೆ ಆಗುವ ಮಾತಲ್ಲ.

ಬಹಳ ಜನ ಕೇಳುವುದು ಇದನ್ನೇ. ಕಷ್ಟ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಬೇಡ ಅಂತಲೇ.

ಮೊದಲನೆಯದು, ದ್ರಾವಕದ ಆವಿ. ಮನೆಯ ಓವನ್‌ನಲ್ಲಿ ಫ್ಯಾನ್ ಇದೆ, ಸ್ವಿಚ್ ಇದೆ, ಕಿಡಿ ಹಾರಬಹುದು. ಟಾಲ್ವಿನ್, ಎಥನಾಲ್, ಸ್ಟೈರೀನ್ ಆವಿ ಅದರೊಳಗೆ ತುಂಬಿದರೆ ಬಾಗಿಲು ಹಾರಿಹೋಗುತ್ತದೆ. ಎರಡನೆಯದು, ಹಳೇ ಮಾಡೆಲ್‌ಗಳಲ್ಲಿ 50 ಪರ್ಸೆಂಟ್ ಅಂತ ಒತ್ತಿದರೆ ಅರ್ಧ ಪವರ್ ಬರುವುದಿಲ್ಲ. ಕೆಲವು ಸೆಕೆಂಡು ಪೂರ್ತಿ ಆನ್, ಕೆಲವು ಸೆಕೆಂಡು ಪೂರ್ತಿ ಆಫ್. ಹಾಲು ಕಾಯಿಸಲು ಪರವಾಗಿಲ್ಲ, ರ್ಯಾಡಿಕಲ್ ರಿಯಾಕ್ಷನ್‌ಗೆ ಅದು ಪ್ರತಿ ಸಲ ಹೊಸ ಏಟು.

ಮೂರನೆಯದನ್ನು ಮನೆಯಲ್ಲೇ ನೋಡಬಹುದು. ಓವನ್‌ನ ತಿರುಗುವ ತಟ್ಟೆ ತಿರುಗದ ಹಾಗೆ ಮಾಡಿ, ಉದ್ದಿನ ಹಪ್ಪಳ ನಾಲ್ಕೈದು ಒತ್ತೊತ್ತಾಗಿ ಹರಡಿ, ಮೂಲೆಯಲ್ಲಿ ಅರ್ಧ ಲೋಟ ನೀರಿಟ್ಟು, ಅರ್ಧ ನಿಮಿಷ ಬಿಡಿ. ಹಪ್ಪಳ ಒಂದೇ ಸಮ ಅರಳಿರುವುದಿಲ್ಲ. ಒಂದು ಕಡೆ ಬೆಳ್ಳಗೆ ಉಬ್ಬಿ ಗುಳ್ಳೆ ಎದ್ದಿರುತ್ತದೆ, ನಾಲ್ಕು ಬೆರಳು ಆಚೆ ಹಸಿ ಹಸಿಯಾಗಿ ಹಳದಿ ಬಣ್ಣದಲ್ಲೇ ಇರುತ್ತದೆ, ಮತ್ತೆ ಆಚೆ ಉಬ್ಬು. ತರಂಗದ ಉದ್ದ 12.2 ಸೆಂ.ಮೀ., ಬಿಸಿ ಜಾಗಗಳು ಹೆಚ್ಚುಕಡಿಮೆ ಅದರ ಅರ್ಧಕ್ಕೆ ಒಂದರಂತೆ ಬರುತ್ತವೆ. ನಿಮ್ಮ ಬೀಕರ್ ಆ ಉಬ್ಬಿನ ಮೇಲೆ ಕೂತಿತ್ತೋ ಹಸಿ ಜಾಗದಲ್ಲಿ ಕೂತಿತ್ತೋ ನಿಮಗೆ ಗೊತ್ತಿಲ್ಲ. ನಾಳೆ ಮಾಡಿದಾಗ ಇನ್ನೊಂದು ಕಡೆ ಇಡುತ್ತೀರಿ. ಫಲಿತಾಂಶ ಹೇಗೆ ಕೂಡಿಬರಬೇಕು?

ಒಂದು ಲ್ಯಾಬಿನಲ್ಲಿ ನನ್ನ ಕಣ್ಣೆದುರೇ ಆದದ್ದು ಹೇಳುತ್ತೇನೆ. 100 ಮಿ.ಲೀ. ಬೀಕರ್, ಪೊಟ್ಯಾಷ್ ಹಾಕಿ ಅರ್ಧಂಬರ್ಧ ನ್ಯೂಟ್ರಲ್ ಮಾಡಿದ ಅಕ್ರಿಲಿಕ್ ಆಸಿಡ್, ಇನಿಶಿಯೇಟರ್ ಆಗಿ ಪರ್ಸಲ್ಫೇಟ್, ಸರಪಳಿಗಳನ್ನು ಒಂದಕ್ಕೊಂದು ಕಟ್ಟಲು ಸ್ವಲ್ಪ ಕ್ರಾಸ್‌ಲಿಂಕರ್. ಮನೆಯ ಓವನ್. ಟೈಮರ್ ಎರಡು ನಿಮಿಷಕ್ಕೆ ಇತ್ತು. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಅಷ್ಟರಲ್ಲೇ ಪೂರ್ತಿ ದ್ರವ ಬೆಳ್ಳಗಾಗಿ, ಹಾಲು ಉಕ್ಕಿದ ಹಾಗೆ ಮೇಲೆದ್ದು ಓವನ್‌ನ ಚಾವಣಿಗೆ ಅಂಟಿತು. ಬಾಗಿಲು ತೆಗೆದರೆ ಕಣ್ಣು ಮೂಗು ಉರಿಯುವ ಹುಳಿ ವಾಸನೆ. ಜೆಲ್ ಹೊರಗೆ ಕಂದು, ಒಳಗೆ ರಬ್ಬರಿನಂತೆ ತೂತು ತೂತು. ಯಾರಿಗೂ ಗಾಯವಾಗಲಿಲ್ಲ, ಆದರೆ ಬಾಗಿಲಿನ ಮುಂದೆ ಬಗ್ಗಿ ನೋಡುತ್ತಿದ್ದ ಹುಡುಗಿಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ರಿಯಾಕ್ಟರ್ ಇಲ್ಲದಿದ್ದರೆ ಒಳ್ಳೆಯ ಆಯಿಲ್ ಬಾತ್‌ನಲ್ಲಿ ಮಾಡಿ. ಆ ಪ್ರಾಜೆಕ್ಟ್‌ಗೆ ಮರ್ಯಾದೆ ಏನೂ ಕಡಿಮೆ ಇಲ್ಲ.

ಅಷ್ಟು ಬಿಸಿ ಎಲ್ಲಿಂದ ಬಂತು? ಎರಡು ನಿಮಿಷವೂ ಆಗಿರಲಿಲ್ಲವಲ್ಲ.

ಮಾನೋಮರ್‌ನಿಂದ. ಡಬಲ್ ಬಾಂಡ್ ಸರಪಳಿಗೆ ಸೇರಿದಾಗ ಬಿಸಿ ಹೊರಬರುತ್ತದೆ. ಅಕ್ರಿಲಮೈಡ್‌ಗೆ ಮೋಲ್‌ಗೆ ಸುಮಾರು 80 ಕಿಲೋಜೂಲ್, ಸ್ಟೈರೀನ್‌ಗೆ ಸುಮಾರು 70, ಮೀಥೈಲ್ ಮೆಥಾಕ್ರಿಲೇಟ್‌ಗೆ ಸುಮಾರು 56.

ಪೆನ್ನು ಹಿಡಿದು ಲೆಕ್ಕ ಮಾಡಿ. 100 ಗ್ರಾಂ ದ್ರಾವಣದಲ್ಲಿ 10 ಗ್ರಾಂ ಅಕ್ರಿಲಮೈಡ್ ಇದ್ದು ಎಲ್ಲ ಒಮ್ಮೆಗೇ ಪಾಲಿಮರ್ ಆದರೆ ತಾಪಮಾನ ತಾನಾಗಿಯೇ 28 ಡಿಗ್ರಿ ಏರುತ್ತದೆ. 30 ಗ್ರಾಂ ಇದ್ದರೆ 90 ಡಿಗ್ರಿ ದಾಟುತ್ತದೆ. ಅಂದರೆ ಕೋಣೆಯ ಬಿಸಿಯಲ್ಲೇ ಶುರುವಾದರೂ ಕುದಿಯುತ್ತದೆ. ದ್ರಾವಕ ಇಲ್ಲದೆ ಬರೀ ಸ್ಟೈರೀನ್ ಆದರೆ ಲೆಕ್ಕ 300 ಡಿಗ್ರಿ ಮೀರಿ ಹೋಗುತ್ತದೆ. ಇದರ ಮೇಲೆ ಮೈಕ್ರೋವೇವ್ ಬೇರೆ ಬಿಸಿ ತುಂಬುತ್ತಾ ಇರುತ್ತದೆ.

ಜೊತೆಗೆ ಜೆಲ್ ಎಫೆಕ್ಟ್ ಇದೆ. ದ್ರವ ಗಟ್ಟಿಯಾದಂತೆ ಉದ್ದ ಸರಪಳಿಗಳು ಅಲುಗಾಡಲಾರವು, ಅವುಗಳ ತುದಿಗಳು ಎದುರಾಗೋದು ಕಡಿಮೆಯಾಗುತ್ತದೆ, ಆದರೆ ಪುಟ್ಟ ಮಾನೋಮರ್‌ಗಳು ಮಾತ್ರ ನುಸುಳಿ ಸೇರುತ್ತಲೇ ಇರುತ್ತವೆ. ವೇಗ ಒಮ್ಮೆಲೇ ಏರುತ್ತದೆ. ಅದೇ ಹೊತ್ತಿಗೆ ಮ್ಯಾಗ್ನೆಟಿಕ್ ಬಾರ್ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಧಾರವಾಡ ಪೇಡೆ ಮಾಡುವಾಗ ಖೋವಾ ಗಟ್ಟಿಯಾದ ಹೊತ್ತಲ್ಲಿ ಕೈ ನಿಲ್ಲಿಸಿದರೆ ತಳ ಹತ್ತುತ್ತದಲ್ಲ, ಹಾಗೆ. ಮೊದಲ ಸಲ ಮಾಡುವಾಗ 10 ಪರ್ಸೆಂಟ್ ಮಾನೋಮರ್ ದಾಟಬೇಡಿ, 5 ಮಿ.ಲೀ.ಗಿಂತ ಹೆಚ್ಚು ಮಾಡಬೇಡಿ, ವಯಲ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಯಾವ ದ್ರಾವಕ ಒಳ್ಳೆಯದು?

ಟ್ಯಾನ್ ಡೆಲ್ಟಾ ಅನ್ನುವ ಸಂಖ್ಯೆ ನೋಡಿ, ಮೈಕ್ರೋವೇವ್‌ನಲ್ಲಿ ದ್ರಾವಕ ಎಷ್ಟು ಚೆನ್ನಾಗಿ ಬಿಸಿಯಾಗುತ್ತದೆ ಅಂತ ಅದು ಹೇಳುತ್ತದೆ, ಹೆಚ್ಚಿದ್ದಷ್ಟೂ ಬಿಸಿ ಬೇಗ. 2.45 ಗಿಗಾಹರ್ಟ್ಸ್‌ನಲ್ಲಿ ಎಥಿಲೀನ್ ಗ್ಲೈಕಾಲ್ 1.35, ಎಥನಾಲ್ 0.94, ಡಿಎಂಎಸ್‌ಓ 0.825, ಡಿಎಂಎಫ್ 0.161, ನೀರು 0.123, ಟಾಲ್ವಿನ್ 0.04, ಹೆಕ್ಸೇನ್ 0.02. ನೀರು ನಡುವೆ ಇದೆ ಅಂತ ಆಶ್ಚರ್ಯ ಪಡಬೇಡಿ. ಅದರಲ್ಲಿ ಉಪ್ಪು ಇದ್ದರೆ, ಉದಾಹರಣೆಗೆ ಪೊಟ್ಯಾಸಿಯಂ ಅಕ್ರಿಲೇಟ್, ಬಿಸಿ ಜಾಸ್ತಿ ಹಿಡಿಯುತ್ತದೆ. ಟಾಲ್ವಿನ್‌ನಲ್ಲಿ ಸ್ಟೈರೀನ್ ಮಾಡುವವರಿಗೆ ಮೈಕ್ರೋವೇವ್‌ನಿಂದ ಹೆಚ್ಚು ಲಾಭವಿಲ್ಲ, ಎರಡೂ ತರಂಗವನ್ನು ಸುಮ್ನೆ ಹಾದುಹೋಗಲು ಬಿಡುತ್ತವೆ.

ಒಳಗಿನಿಂದ ಹೊರಗೆ ಬಿಸಿ ಆಗುತ್ತೆ ಅಂತಾರಲ್ಲ?

ಚಿಕ್ಕ ವಯಲ್‌ನಲ್ಲಿ ಸ್ವಲ್ಪ ಮಟ್ಟಿಗೆ ನಿಜ. ದ್ರವವೇ ಬಿಸಿಯಾಗುತ್ತದೆ, ಗಾಜು ಆಮೇಲೆ. ಆದರೆ ಕೋಣೆಯ ಬಿಸಿಯ ನೀರಿನಲ್ಲಿ ಈ ತರಂಗ ಒಂದೂವರೆ-ಎರಡು ಸೆಂಟಿಮೀಟರ್ ಹೋಗುವಷ್ಟರಲ್ಲೇ ಬಹುಪಾಲು ಕರಗಿಬಿಡುತ್ತದೆ. ಒಂದು ಲೀಟರ್ ಫ್ಲಾಸ್ಕ್ ಇಟ್ಟರೆ ನಡುವಿನ ದ್ರವಕ್ಕೆ ಬಿಸಿ ಸಿಗೋದು ಕಲಕಿದರೆ ಮಾತ್ರ. ದೊಡ್ಡ ಪ್ರಮಾಣಕ್ಕೆ ಹೋಗುವವರು ಸಣ್ಣ ನಳಿಗೆಯಲ್ಲಿ ದ್ರವ ಹರಿಸುತ್ತಾ ಬಿಸಿ ಮಾಡುವುದು ಇದಕ್ಕೇ.

ನೈಟ್ರೋಜನ್ ಬಿಡಲೇಬೇಕಾ? ಸಿಲಿಂಡರ್ ಖಾಲಿ ಆಗಿದೆ.

ಬಿಡಲೇಬೇಕು. ಆಮ್ಲಜನಕ ರ್ಯಾಡಿಕಲ್‌ಗಳನ್ನು ಹಿಡಿದು ಮಂದ ಮಾಡುತ್ತದೆ. ದ್ರಾವಣದೊಳಗೆ ಸೂಜಿ ಇಳಿಸಿ ಇಪ್ಪತ್ತು-ಮೂವತ್ತು ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ, ಸೆಪ್ಟಂ (ರಬ್ಬರ್ ಬಿರಡೆ) ಮುಚ್ಚಿ. ಸಿಲಿಂಡರ್ ತುಂಬಿಸಿ ತರುವವರೆಗೆ ಬೇರೆ ಕೆಲಸ ಮಾಡಿ.

ಮಾನೋಮರ್ ಬಾಟಲಿಯಲ್ಲಿರುವ ಇನ್ಹಿಬಿಟರ್ ಏನು ಮಾಡಲಿ?

ಇನ್ಹಿಬಿಟರ್ ಅಂದರೆ ಮಾನೋಮರ್ ಬಾಟಲಿಯಲ್ಲೇ ಪಾಲಿಮರ್ ಆಗದ ಹಾಗೆ ತಡೆಯಲು ಹಾಕಿರುವ ವಸ್ತು. ಸ್ಟೈರೀನ್, ಮೀಥೈಲ್ ಮೆಥಾಕ್ರಿಲೇಟ್ ಆದರೆ ತೆಳು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ನೀರಲ್ಲಿ ತೊಳೆದು, ಒಣಗಿಸಿ. ಅಥವಾ ಬೇಸಿಕ್ ಅಲ್ಯುಮಿನಾ ಕಾಲಂ ಮೂಲಕ ಇಳಿಸಿ. ತೆಗೆದ ಮೇಲೆ ಇಟ್ಟುಕೊಳ್ಳಬೇಡಿ, ಅವತ್ತೇ ಬಳಸಿ. ಗದಗದ ಏಪ್ರಿಲ್ ಬಿಸಿಲಿನಲ್ಲಂತೂ ಖಂಡಿತ ಇಡಬೇಡಿ.

ಅಕ್ರಿಲಿಕ್ ಆಸಿಡ್ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಅದು ಸುಮಾರು 13 ಡಿಗ್ರಿಗೇ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕಲ್ಲಾಗಿರುತ್ತದೆ. ಗಟ್ಟಿಯಾಗುವಾಗ ಇನ್ಹಿಬಿಟರ್ ಒಂದು ಕಡೆ ಉಳಿದು ಮಾನೋಮರ್ ಒಂದು ಕಡೆ ಹರಳುಗಟ್ಟುತ್ತದೆ. ಅದನ್ನು ಬಿಸಿ ನೀರಲ್ಲೋ ಮೈಕ್ರೋವೇವ್‌ನಲ್ಲೋ ಕರಗಿಸಲು ಹೋದರೆ ಮೊದಲು ಕರಗುವ ಭಾಗದಲ್ಲಿ ಇನ್ಹಿಬಿಟರ್ ಇಲ್ಲದೆ ಇರಬಹುದು, ಬಾಟಲಿಯೇ ಸಿಡಿಯಬಹುದು. ಕೋಣೆಯ ಬಿಸಿಯಲ್ಲಿ ನಿಧಾನವಾಗಿ ಕರಗಲಿ, ನಡುನಡುವೆ ಮೆಲ್ಲಗೆ ಅಲುಗಾಡಿಸಿ. ಮತ್ತೆ, ಆ ಬಾಟಲಿಗೆ ನೈಟ್ರೋಜನ್ ತುಂಬಿಡಬೇಡಿ. ಅದರ ಇನ್ಹಿಬಿಟರ್ ಕೆಲಸ ಮಾಡಲು ಗಾಳಿಯ ಆಮ್ಲಜನಕ ಬೇಕು.

ಇನಿಶಿಯೇಟರ್ ಇಲ್ಲದೆಯೂ ಗೌರ್ ಗಮ್ ಮೇಲೆ ಗ್ರಾಫ್ಟ್ ಆಗುತ್ತೆ ಅಂತ ಓದಿದೆ.

ಹೌದು, ಅಲಹಾಬಾದ್‌ನಿಂದ 2004ರಲ್ಲಿ ಅಂಥ ಪ್ರಬಂಧ ಬಂದಿದೆ, ಆಮೇಲೆ ಬೇರೆ ಅಂಟುಗಳ ಮೇಲೂ ಬಂದಿವೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಪ್ರೊ. ತೇಜರಾಜ ಅಮಿನಭಾವಿ ಅವರ ಕಾಲದಿಂದ ಗೌರ್ ಗಮ್ ಮತ್ತು ಅಕ್ರಿಲಮೈಡ್ ಮೇಲೆ ಕೆಲಸ ಆಗಿದೆ, ಔಷಧಿ ನಿಧಾನವಾಗಿ ಬಿಡುವ ಕಣಗಳಿಗಾಗಿ. ಹಾಗಾಗಿ ಈ ವಿಷಯ ಇಲ್ಲಿಯವರಿಗೆ ಹತ್ತಿರದ್ದು.

ಆದರೆ ಫೋಟಾನ್ ಲೆಕ್ಕ ಮೇಲೆ ಹೇಳಿದ್ದೇನೆ. ಹಾಗಾದರೆ ರ್ಯಾಡಿಕಲ್ ಬಂದದ್ದು ಎಲ್ಲೋ ಒಂದೆಡೆ ಅತಿ ಬಿಸಿಯಾದ ಜಾಗದಿಂದ ಇರಬಹುದು, ಅಂಟಿನಲ್ಲಿ ಮೊದಲೇ ಇದ್ದ ಪೆರಾಕ್ಸೈಡ್‌ನಿಂದ ಇರಬಹುದು. ನೀವು ಮಾಡಬೇಕಾದದ್ದು ಬ್ಲ್ಯಾಂಕ್‌ಗಳು, ಅಂದರೆ ಹೋಲಿಸಿ ನೋಡುವ ಪ್ರಯೋಗಗಳು: ಬರೀ ಅಂಟು, ಬರೀ ಮಾನೋಮರ್, ಮತ್ತು ಎರಡೂ ಸೇರಿಸಿ ಅದೇ ತಾಪಮಾನದ ಆಯಿಲ್ ಬಾತ್‌ನಲ್ಲಿ. ಈ ಮೂರು ಇಲ್ಲದ ರಿಪೋರ್ಟ್ ನಾನು ನಂಬೋದಿಲ್ಲ.

ಗ್ರಾಫ್ಟ್ ಆಗಿದೆಯೋ ಬರೀ ಮಿಶ್ರಣವೋ ಹೇಗೆ ಗೊತ್ತಾಗುತ್ತೆ?

ಅಸಿಟೋನ್‌ಗೆ ಸುರಿದು ಬಂದದ್ದನ್ನೆಲ್ಲ ತೂಕ ಹಾಕಬೇಡಿ. ಅದರಲ್ಲಿ ಅಂಟಿಗೆ ಹತ್ತದ ಪಾಲಿಅಕ್ರಿಲಮೈಡ್ ಕೂಡ ಇರುತ್ತದೆ. ಫಾರ್ಮಮೈಡ್ ಮತ್ತು ಅಸಿಟಿಕ್ ಆಸಿಡ್ ಸಮಪಾಲು ಬೆರೆಸಿ ಅದರಲ್ಲಿ ತೊಳೆದು ತೆಗೆಯಿರಿ, ಆಮೇಲೆ ಒಣಗಿಸಿ ತೂಗಿ. ಬಂದ ತೂಕದಿಂದ ಮೊದಲಿನ ಅಂಟಿನ ತೂಕ ಕಳೆದು, ಅಂಟಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಗ್ರಾಫ್ಟಿಂಗ್ ಶೇಕಡಾ. ಅಕ್ರಿಲಮೈಡ್ ಪುಡಿ ಮುಟ್ಟುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಅದು ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ನಮ್ಮಪ್ಪನ ಹೊಲ ಶಿರಹಟ್ಟಿ ಕಡೆ ಇದೆ. ಈ ಜೆಲ್ ಮೆಣಸಿನಕಾಯಿಗೆ ಹಾಕಬಹುದಾ?

ಈ ಪ್ರಶ್ನೆ ಕೇಳಿದ ಹುಡುಗನ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಲ್ಯಾಬಿನ ಜೆಲ್ ಹೊಲಕ್ಕೆ ಹಾಕಬೇಡಿ, ಉಳಿದ ಮಾನೋಮರ್ ಎಷ್ಟಿದೆ ಅಂತ ಅಳೆಯದೆ ಖಂಡಿತ ಬೇಡ. ಮೊದಲು ನಿಮ್ಮ ಬೋರ್ ನೀರಲ್ಲಿ ಪರೀಕ್ಷೆ ಮಾಡಿ. ಒಣ ಜೆಲ್ 0.1 ಗ್ರಾಂ ನೈಲಾನ್ ಬಟ್ಟೆಯ ಚೀಲದಲ್ಲಿ ಕಟ್ಟಿ, ಒಂದನ್ನು ಡಿಸ್ಟಿಲ್ಡ್ ನೀರಲ್ಲಿ, ಒಂದನ್ನು ಬೋರ್ ನೀರಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲನೆಯದು ನೆನೆಸಿದ ಸಾಬೂದಾಣಿಯಂತೆ ತುಂಬಿ ಹೊಳೆಯುತ್ತಿರುತ್ತದೆ. ಎರಡನೆಯದು ಅದಕ್ಕಿಂತ ಸಣ್ಣದಾಗಿ, ಗಟ್ಟಿಯಾಗಿ ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸರಪಳಿಗಳನ್ನು ಬಿಗಿದು ಹಿಡಿಯುತ್ತದೆ. ಪೇಪರ್‌ಗಳಲ್ಲಿ ಬರುವ "ನೂರಾರು ಪಟ್ಟು" ಅನ್ನುವುದು ಸಾಮಾನ್ಯವಾಗಿ ಡಿಸ್ಟಿಲ್ಡ್ ನೀರಿನ ಮಾತು. ಮತ್ತೆ, ಎರೆ ಭೂಮಿ ತಾನೇ ನೀರು ಹಿಡಿದಿಡುತ್ತದೆ. ಇಂಥದ್ದು ಬೇಕಾಗುವುದು ಮಸಾರಿ ಹೊಲಕ್ಕೆ.

ಮೈಕ್ರೋವೇವ್ ಅಂದರೆ ಗ್ರೀನ್ ಕೆಮಿಸ್ಟ್ರಿ (ಪರಿಸರಕ್ಕೆ ಹಿತವಾದದ್ದು) ಅಂತ ರಿಪೋರ್ಟ್‌ನಲ್ಲಿ ಹಾಕಲಾ?

ಕರೆಂಟ್ ಮೀಟರ್ ನೋಡಿ ಹಾಕಿ. 700-800 ವ್ಯಾಟ್ ಅಂತ ಬರೆದ ಓವನ್ ಗೋಡೆಯ ಪ್ಲಗ್‌ನಿಂದ 1100-1200 ವ್ಯಾಟ್ ಎಳೆಯುತ್ತದೆ. ಸಮಯ ಕಡಿಮೆಯಾದದ್ದು ನಿಜ, ನೀರಿನಲ್ಲಿ ಮಾಡಿದ್ದರೆ ಅದೂ ಒಳ್ಳೆಯದೇ. ಆದರೆ ಅಳೆಯದೆ ಹೇಳಬೇಡಿ.

ರನ್ ನಡುವೆ ಕರೆಂಟ್ ಹೋದರೆ?

ರಿಯಾಕ್ಷನ್ ನಿಂತಿತು ಅಂದುಕೊಳ್ಳಬೇಡಿ. ಇನಿಶಿಯೇಟರ್ ಒಳಗೇ ಇದೆ, ದ್ರವ ಬಿಸಿ ಇದೆ, ಕಲಕುವುದು ನಿಂತಿದೆ, ತಣ್ಣಗೆ ಮಾಡುವ ಗಾಳಿಯೂ ನಿಂತಿದೆ. ಅಂದರೆ ಈ ಹೊತ್ತೇ ಹೆಚ್ಚು ಅಪಾಯದ್ದು. ಬಾಗಿಲು ತೆಗೆಯಬೇಡಿ, ವಯಲ್ ಮುಟ್ಟಬೇಡಿ. ಫ್ಯೂಮ್ ಹುಡ್‌ನ ಗಾಜು ಕೆಳಗಿಳಿಸಿ, ಜೊತೆಯವರನ್ನು ದೂರ ಕಳಿಸಿ. ಕರೆಂಟ್ ಎಷ್ಟೊತ್ತಿಗೆ ಹೋಯಿತು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಕರೆಂಟ್ ಬಂದ ಮೇಲೂ ತಾನಾಗಿ ಮುಂದುವರಿಯಲು ಬಿಡಬೇಡಿ, ಪೂರ್ತಿ ಆರುವ ತನಕ ಕಾಯಿರಿ. ಆ ಸ್ಯಾಂಪಲ್‌ನ ಅಂಕಿ ಲೆಕ್ಕಕ್ಕೆ ತಗೊಳ್ಳದೆ, ಹೊಸ ವಯಲ್‌ನಲ್ಲಿ ಮತ್ತೆ ಮೊದಲಿನಿಂದ ಮಾಡಿ.